ಕಾರೆಕಣಿವೆಯ ದಾರಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನಿಗೆ ತಲೆದಂಡ. ಮಣಿಗುಡ್ಡದ ದೊರೆ ಕಲಿವರ್ಮರ ಅಪ್ಪಣೆ!"

ಈ ಡಂಗುರ ಕೇಳಿದಾಗ ದ್ಯಾವ ಸಂತೆಯಲ್ಲಿ ಜೇನು ಮಾರುತ್ತಿದ್ದ. ಅವನೂರು ಕಾರೆಕಣಿವೆಗೆ ಗಾಡಿ ದಾರಿಯೇ ಇರಲಿಲ್ಲ. ಗುಡ್ಡ ಹತ್ತಿ, ಎರಡು ಹಳ್ಳ ದಾಟಿ, ಒಂದೂವರೆ ದಿನ ನಡೆದು ಬಂದಿದ್ದ. ಮದುವೆಯ ಮಾತು ಅವನ ತಲೆಗೆ ಹೋಗಲಿಲ್ಲ. ವರದ ಮಾತು ಹೋಯಿತು. ಜೇನಿನ ಗಡಿಗೆಯನ್ನು ಪಕ್ಕದವಳಿಗೆ ಒಪ್ಪಿಸಿ ಅರಮನೆಯತ್ತ ನಡೆದ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ರಾಜಕುಮಾರರು ನಿಂತಿದ್ದರು.

ಪದ್ಮಲೆ ಕೇಳಿದಳು: "ತುಳಿದಷ್ಟೂ ಬದುಕುತ್ತದೆ, ತುಳಿಯುವುದು ಬಿಟ್ಟರೆ ಸಾಯುತ್ತದೆ. ಏನದು?"

"ಕುಂಬಾರನ ಮಣ್ಣು," ಎಂದ ಮೊದಲನೆಯವನು.

"ತುಳಿಯದಿದ್ದರೂ ಮಣ್ಣು ಮಣ್ಣೇ."

ಭಟರು ಅವನ ತೋಳು ಹಿಡಿದರು.

"ಗರಿಕೆ," ಎಂದ ಎರಡನೆಯವನು.

"ತುಳಿಯದಿದ್ದರೆ ಗರಿಕೆ ಇನ್ನೂ ಸೊಂಪಾಗಿ ಬೆಳೆಯುತ್ತದೆ."

ಅವನನ್ನೂ ಎಳೆದೊಯ್ದರು. ದ್ಯಾವ ಹಿಂದೆ ತಿರುಗಿ ನೋಡಿದರೆ ಬಾಗಿಲು ಹಾಕಿತ್ತು.

"ಕಾಲುದಾರಿ, ತಾಯಿ," ಎಂದ. "ನಾಲ್ಕು ಜನ ಓಡಾಡಿದರೆ ಉಳೀತದೆ. ಒಂದು ಮಳೆಗಾಲ ಬಿಟ್ಟರೆ ಗರಿಕೆ ನುಂಗ್ತದೆ."

ಪದ್ಮಲೆ ಆಸನದಲ್ಲಿ ಮುಂದಕ್ಕೆ ಬಾಗಿದಳು. "ಐದು ಜನ ಊರು ಬಿಟ್ಟರು. ದಾರಿಯಲ್ಲಿ ಯಾರೂ ಕೂಡಿಕೊಳ್ಳಲಿಲ್ಲ. ಆದರೂ ಪೇಟೆ ಮುಟ್ಟಿದವರು ಆರು ಜನ. ಹೇಗೆ?"

ದ್ಯಾವ ಹೇಳಿದ: "ಅದು ನಾವೇ, ತಾಯಿ. ನಾಲ್ವರು ಕಂಬಳಿ ಜೋಲಿ ಹೊತ್ತಿದ್ವಿ. ಜೋಲಿಯಲ್ಲಿ ನನ್ನ ಅಕ್ಕ, ತುಂಬು ಬಸುರಿ. ಎರಡನೇ ಹಳ್ಳದ ದಂಡೆಯಲ್ಲೇ ಹೆರಿಗೆ ಆಯ್ತು. ಕೂಸು ಉಳೀತು. ಅಕ್ಕನೂ ಉಳಿದಳು, ಅಂತೂ ಇಂತೂ."

ಸಭೆಯಲ್ಲಿದ್ದವರು ತಲೆದೂಗಿದರು. ಜನರ ಗಣತಿ ಬರೆಯುವ ಕರಣಿಕ ನಾಗರಸ ಮಾತ್ರ ಕೊಸರಾಡಿದ. "ಪ್ರಭು, ಮೂರನೆಯದು ಇವನಿಂದಾಗದು. ಕತ್ತಿ ತರಿಸಿ."

"ಒಂದು ಊರಿದೆ," ಎಂದಳು ಪದ್ಮಲೆ. "ಒಲೆ ಉರಿಯುತ್ತದೆ, ತೊಟ್ಟಿಲು ತೂಗುತ್ತದೆ. ಆದರೂ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹೇಗೆ?"

ದ್ಯಾವನಿಗೆ ಹೊಳೆಯಲಿಲ್ಲ. ದೆವ್ವದ ಊರೇ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಕತ್ತಿ ಹಿಡಿದವನು ಬಂದು ಪಕ್ಕದಲ್ಲಿ ನಿಂತ. ಆಗ ದ್ಯಾವ ಕರಣಿಕನ ಮುಖ ನೋಡಿದ. ಆ ಹಣೆಯಲ್ಲಿ ಬೆವರು ಯಾಕೆ?

"ಊರಲ್ಲಿ ಜನ ಇದ್ದಾರೆ, ತಾಯಿ. ಕಡತದಲ್ಲಿ ಇಲ್ಲ," ಎಂದ ಮೆಲ್ಲಗೆ. "ಗಣತಿಗೆ ಬಂದ ಈ ಕರಣಿಕ ಸ್ವಾಮಿಗಳು ಮೊದಲ ಹಳ್ಳದ ಹತ್ತಿರವೇ ಪಲ್ಲಕ್ಕಿ ತಿರುಗಿಸಿದರು. ಮರುವರ್ಷ ನಾವು ದಾರಿ ಕೇಳೋಕೆ ಬಂದರೆ, 'ಅದು ಹಾಳೂರು, ಜನರೇ ಇಲ್ಲದ ಕಡೆಗೆ ದಾರಿ ಯಾಕೆ?' ಅಂದರು. ಅದು ನಮ್ಮ ಕಾರೆಕಣಿವೆ."

"ಮೂರೂ ಸರಿ," ಎಂದು ಪದ್ಮಲೆ ಎದ್ದು ನಿಂತಳು. "ಅಪ್ಪಾಜಿ, ಆ ಬಾಣಂತಿಯನ್ನು ವೈದ್ಯರ ಮನೆಯಲ್ಲಿ ನಾನೇ ಕಂಡಿದ್ದೆ. ಅವಳ ಊರಿನಲ್ಲಿ ಜನರೇ ಇಲ್ಲವೆಂದು ಕರಣಿಕರು ಹೇಳಿದಾಗ ನೀವು ಅವರನ್ನೇ ನಂಬಿದಿರಿ."

ದೊರೆ ತಲೆ ತಗ್ಗಿಸಿದ. ಆಮೇಲೆ ದ್ಯಾವನತ್ತ ತಿರುಗಿ, "ವರ ಕೇಳಪ್ಪಾ," ಎಂದ.

"ಗಾಡಿ ಹೋಗುವಂಥ ದಾರಿ, ಪ್ರಭು. ಹಳ್ಳಕ್ಕೊಂದು ಸೇತುವೆ."

"ಮದುವೆ?"

ದ್ಯಾವ ನಾಚಿ ನೆಲ ನೋಡಿದ. ಪದ್ಮಲೆಯೇ ಹೇಳಿದಳು: "ದಾರಿ ಮುಗಿಯಲಿ, ಅದರ ಮೇಲೆಯೇ ದಿಬ್ಬಣ ಹೊರಡಲಿ. ಸೆರೆಯಲ್ಲಿರುವ ಆ ಇಬ್ಬರ ತಲೆಯೂ ಉಳಿಯಲಿ. ಕರಣಿಕರ ಜೊತೆ ಅವರೂ ಗುದ್ದಲಿ ಹಿಡಿಯಲಿ."

ಸುಗ್ಗಿಯ ಹೊತ್ತಿಗೆ ದಾರಿ ಮುಗಿಯಿತು. ಮೊದಲ ಎತ್ತಿನಗಾಡಿ ಕಣಿವೆಗೆ ಇಳಿದಾಗ, ಹುಟ್ಟಿದಾರಭ್ಯ ಊರು ಬಿಟ್ಟು ಹೋಗದಿದ್ದ ಮುದುಕಿಯರು ಬಂದು ಚಕ್ರ ಮುಟ್ಟಿ ನೋಡಿದರು. ಗಾಡಿಯಿಂದ ಮದುಮಗಳು ಇಳಿದಳು.