ಹದಿಮೂರನೆಯ ಅಪ್‌ಲೋಡ್

ಪೋರ್ಟಲ್ ಹನ್ನೊಂದನೆಯ ಸಲ ಪಾಠವನ್ನು ತಿರಸ್ಕರಿಸಿದ ಮೇಲೆ ಶಿಷ್ಯ ಅಡುಗೆಮನೆಯ ಅಟ್ಟದಿಂದ ಇಳಿದು ಹೊಳೆಯ ದಂಡೆಗೆ ಬಂದ. ಆಶ್ರಮದಲ್ಲಿ ಸಿಗ್ನಲ್ ಸಿಗುವುದು ಆ ಅಟ್ಟದ ಮೇಲೆ ಮಾತ್ರ. ಅವನ ಮೂಗಿನ ಮೇಲೆ ಮಸಿ ಇತ್ತು.

ಗುರುಗಳು ಹರಿಗೋಲನ್ನು ಬೋರಲು ಹಾಕಿಕೊಂಡು ತಳಕ್ಕೆ ಡಾಂಬರು ಬಳಿಯುತ್ತಿದ್ದರು.

"ಏನಂತೆ, ಕೊಟ್ರೇಶ?"

"ಬೇಡವಂತೆ."

"ಕಾರಣ?"

"ಮ್ಯಾನಿಫೆಸ್ಟ್ ಕಾಣುತ್ತಿಲ್ಲವಂತೆ."

"ಹಾಗೆಂದರೆ?"

"ಅದೊಂದು ಫೈಲು ಗುರುಗಳೇ. ಪಾಠ ಎಲ್ಲಿಂದ ಶುರು, ಯಾವುದಾದ ಮೇಲೆ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಪೋರ್ಟಲ್ ಮೊದಲು ಹುಡುಕುವುದು ಅದನ್ನೇ."

"ನೀನು ಹಾಕಿಲ್ಲ."

"ಹಾಕಿದ್ದೇನೆ! ಕಣ್ಣಾರೆ ನೋಡಿದ್ದೇನೆ."

"ಹುಡುಕುತ್ತಿರುವುದು ನಿನ್ನ ಕಣ್ಣಲ್ಲವಲ್ಲ," ಎಂದು ಗುರುಗಳು ಕುಂಚವನ್ನು ಡಾಂಬರಿಗೆ ಅದ್ದಿದರು.

ಆ ಆಶ್ರಮದಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ: ಜನರನ್ನು ಹೊಳೆ ದಾಟಿಸುವುದು. ಗುರು ಮರುಳಯ್ಯನವರು ನಲವತ್ತು ವರ್ಷ ಹರಿಗೋಲು ಹಾಕಿದವರು. ಕಲಿಯಲು ಬಂದವರನ್ನು ಅವರು ನೀರಿಗೆ ಇಳಿಸುತ್ತಿದ್ದರು. ಕಲಿತವರು ದಾಟಿಸುತ್ತಿದ್ದರು. ಇದಕ್ಕೆಲ್ಲ ದಾಖಲೆಯೇ ಇಲ್ಲ ಎಂಬುದು ಈ ವರ್ಷ ಇಲಾಖೆಯ ಗಮನಕ್ಕೆ ಬಂತು.

ಸುತ್ತೋಲೆ ಬಂತು. ಹರಿಗೋಲು ಹಾಕುವವರೆಲ್ಲ ಕಲಿಕಾ ಪೋರ್ಟಲ್‌ನಲ್ಲಿ ಸುರಕ್ಷತೆಯ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಕೋರ್ಸನ್ನು ಆಶ್ರಮವೇ ತಯಾರಿಸಿ ಶನಿವಾರ ಸಂಜೆ ಐದರೊಳಗೆ ಏರಿಸಬೇಕು. ಏರಿಸಿದರೆ ಕಲಿಯುವವರಿಗೆ ಹದಿನೈದು ದಿನ ಸಿಗುತ್ತದೆ, ಅಲ್ಲಿಯವರೆಗೆ ಹಳೆಯ ಪರವಾನಗಿ ನಡೆಯುತ್ತದೆ. ಏರಿಸದಿದ್ದರೆ ಸೋಮವಾರದಿಂದ ನಲವತ್ತೊಂದು ಹರಿಗೋಲುಗಳೂ ದಡದಲ್ಲೇ ಇರಬೇಕು.

ಹೊಳೆಗೆ ಸುತ್ತೋಲೆಯ ಪ್ರತಿ ಕಳಿಸಿರಲಿಲ್ಲ. ಅದು ಹರಿಯುತ್ತಲೇ ಇತ್ತು.

ಅವತ್ತು ಶುಕ್ರವಾರ.

"ಸಹಾಯವಾಣಿಗೆ ಫೋನ್ ಮಾಡಿದೆಯಾ?" ಎಂದು ಗುರುಗಳು ಕೇಳಿದರು.

"ಮೂರು ಸಲ. ಬ್ರೌಸರ್ ಬದಲಿಸಿ ಎಂದರು, ಬದಲಿಸಿದೆ. ಕಂಪ್ಯೂಟರ್ ಬದಲಿಸಿ ಎಂದರು, ಪಂಚಾಯಿತಿಯಿಂದ ಬೇರೆಯದನ್ನು ತಂದೆ. ಮೂರನೆಯ ಸಲ ಮಾಡಿದಾಗ ಅವರೇ ಬದಲಾಗಿದ್ದರು. ಮೊದಲಿಂದ ಹೇಳಿ ಎಂದರು."

ಅಷ್ಟರಲ್ಲಿ ಹುಲಿಗೆಮ್ಮನ ಹರಿಗೋಲು ದಡ ಮುಟ್ಟಿತು. ಗಂಡ ಹೋದಾಗಿನಿಂದ ಹದಿನೆಂಟು ವರ್ಷ ಆಕೆ ಅದರ ಮೇಲೇ ಮನೆ ನಡೆಸಿದ್ದಳು. ಎರಡು ದಿನದಿಂದ ಆಕೆಯದು ಒಂದೇ ಪ್ರಶ್ನೆ.

"ಏರಿತೇನೋ ತಮ್ಮಾ?"

"ಇಲ್ಲಕ್ಕ."

"ಅಷ್ಟು ಭಾರ ಐತೇನು?"

ಕೊಟ್ರೇಶ ಮೂಗಿನ ಮಸಿ ಒರೆಸಿಕೊಂಡ. ಅವಳು ಹುಟ್ಟು ಹೆಗಲಿಗಿಟ್ಟುಕೊಂಡು ಹೋದಳು.

"ಪಾಠವನ್ನು ಹೇಗೆ ಕಟ್ಟಿದೆ, ಹೇಳು," ಎಂದರು ಗುರುಗಳು.

"ಎಲ್ಲ ಫೈಲುಗಳನ್ನೂ ಒಂದು ಫೋಲ್ಡರ್‌ಗೆ ಹಾಕಿದೆ. ವಿಡಿಯೊ, ಚಿತ್ರ, ಪ್ರಶ್ನೆ, ಮ್ಯಾನಿಫೆಸ್ಟ್. ಒಂದೂ ಚೆಲ್ಲಬಾರದು ಅಂತ ಆ ಫೋಲ್ಡರನ್ನೇ ಹಿಡಿದು ಜಿಪ್ ಮಾಡಿ ಒಂದೇ ಗಂಟು ಕಟ್ಟಿದೆ."

"ಚೀಲ ತುಂಬಿ, ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿದೆ."

"ಅಚ್ಚುಕಟ್ಟಾಗಿರಲಿ ಅಂತ."

ಗುರುಗಳು ಎದ್ದರು. ಹರಿಗೋಲಿನೊಳಗೆ ಬಂದ ನೀರನ್ನು ಎತ್ತಿ ಹಾಕುವ ತಗಡಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

"ಇದನ್ನೂ ಹಾಗೇ ಅಚ್ಚುಕಟ್ಟಾಗಿ ಕಟ್ಟು."

ಕೊಟ್ರೇಶ ಆರು ವರ್ಷದ ಶಿಷ್ಯ. ಏಕೆ ಎಂದು ಕೇಳುವ ಅಭ್ಯಾಸ ಎರಡನೆಯ ವರ್ಷಕ್ಕೇ ಬಿಟ್ಟುಹೋಗಿತ್ತು. ಡಬ್ಬಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ ಕಟ್ಟಿದ. ಅದನ್ನು ಗೋಣಿಚೀಲಕ್ಕೆ ಹಾಕಿ, ಹುರಿಯಿಂದ ಮೂರು ಸುತ್ತು ಬಿಗಿದ.

ಗುರುಗಳು ತಳಕ್ಕೆ ಅರ್ಧ ಮಾತ್ರ ಡಾಂಬರು ಬಳಿದಿದ್ದ ಹರಿಗೋಲನ್ನು ನೀರಿಗೆ ತಳ್ಳಿದರು.

"ಹತ್ತು."

ದಡದಿಂದ ಹತ್ತು ಮಾರು ಹೋಗುವಷ್ಟರಲ್ಲಿ ನೀರು ಹಿಮ್ಮಡಿಗೆ ಬಂತು.

"ಗುರುಗಳೇ, ಸೋರುತ್ತಿದೆ!"

"ಡಬ್ಬಿ ಇದೆಯಲ್ಲ."

ಕೊಟ್ರೇಶ ಗೋಣಿಯ ಹುರಿಗೆ ಕೈ ಹಾಕಿದ. ಹುರಿ ನೆನೆದು ಬಿಗಿದುಕೊಂಡಿತ್ತು. ನೀರು ಮೊಣಕಾಲಿಗೆ ಬಂತು.

"ಡಬ್ಬಿ ಇದೆಯೋ ಇಲ್ಲವೋ?"

"ಇದೆ ಗುರುಗಳೇ! ಒಳಗಿದೆ! ಚೀಲದೊಳಗಿನ ಚೀಲದಲ್ಲಿ!"

"ಇದೆ ತಾನೇ? ಹಾಗಾದರೆ ನಿಶ್ಚಿಂತೆಯಿಂದ ಕೂತುಕೋ."

ಕೊಟ್ರೇಶ ಹಲ್ಲಿನಿಂದ ಗಂಟು ಬಿಚ್ಚಲು ನೋಡಿದ. ಹರಿಗೋಲು ಸಮಾಧಾನದಿಂದ ಮುಳುಗಿತು. ಅಲ್ಲಿ ಸೊಂಟದಷ್ಟು ನೀರಿತ್ತು. ಇಬ್ಬರೂ ನಿಂತರು.

ಶಿಷ್ಯ ಎದೆಗೆ ಗೋಣಿ ಅವಚಿಕೊಂಡು ಅದರ ಗಂಟನ್ನು ನೋಡಿದ.

"ಗುರುಗಳೇ, ಪೋರ್ಟಲ್ ಗಂಟು ಬಿಚ್ಚುವುದು ಒಂದೇ ಸಲ. ಒಳಗೆ ಇನ್ನೊಂದು ಗಂಟು ಕಂಡರೆ ಅದನ್ನು ಬಿಚ್ಚುವುದಿಲ್ಲ. ಇಲ್ಲ ಅಂದುಬಿಡುತ್ತದೆ."

"ಮುಳುಗುವವನೂ ಹಾಗೇ ಅನ್ನುವುದು," ಎಂದು ಗುರುಗಳು ಮುಳುಗಿದ ಹರಿಗೋಲಿನ ಅಂಚು ಹಿಡಿದು ದಡಕ್ಕೆ ಎಳೆಯತೊಡಗಿದರು.

ಕೊಟ್ರೇಶ ಒದ್ದೆ ಬಟ್ಟೆಯಲ್ಲೇ ಅಟ್ಟ ಹತ್ತಿದ. ಈ ಸಲ ಫೋಲ್ಡರನ್ನು ಹಿಡಿಯಲಿಲ್ಲ. ಅದನ್ನು ತೆರೆದು, ಒಳಗಿನ ಫೈಲುಗಳನ್ನೆಲ್ಲ ಆಯ್ದು, ಅವುಗಳನ್ನೇ ಜಿಪ್ ಮಾಡಿದ. ಚೀಲ ಒಂದೇ. ಬಿಚ್ಚಿದ ಕೂಡಲೇ ಮ್ಯಾನಿಫೆಸ್ಟ್ ಕಣ್ಣಿಗೆ ಬೀಳಬೇಕು.

ಹನ್ನೆರಡನೆಯ ಸಲ ಪೋರ್ಟಲ್ ಹಸಿರು ಗುರುತು ತೋರಿಸಿತು.

"ಪಾಠ ದಾಟಿತು ಗುರುಗಳೇ!" ಎಂದು ಅವನು ಅಟ್ಟದ ಕಿಂಡಿಯಿಂದ ಕೂಗಿದ.

ಗುರುಗಳು ಹರಿಗೋಲನ್ನು ಒಣಗಲು ಬೋರಲು ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಹರಿಗೋಲು ದಾಟಿತು. ಅದರಲ್ಲಿ ಜನ ಇದ್ದಾರೆಯೇ ನೋಡು."

ಶಿಷ್ಯನಿಗೆ ಅರ್ಥವಾಗಲಿಲ್ಲ. ಆದರೆ ಹಸಿರು ಗುರುತು ಕಂಡವನಿಗೆ ಅರ್ಥದ ಅವಸರ ಇರುವುದಿಲ್ಲ. ಅವನು ಊಟ ಮಾಡಿ ಮಲಗಿದ.

ಶನಿವಾರ ಮಧ್ಯಾಹ್ನ ಕೋರ್ಸನ್ನು ಪರೀಕ್ಷಿಸಲು ಯಂಕೋಬನನ್ನು ಕರೆಸಿದರು. ಯಂಕೋಬ ಇಪ್ಪತ್ತು ವರ್ಷ ಪೇಟೆಯಲ್ಲಿ ಟೈಲರ್ ಆಗಿದ್ದವನು. ಮಾವನ ಮೊಣಕಾಲು ಕೈಕೊಟ್ಟಿದ್ದರಿಂದ ಎಂಟು ದಿನದ ಹಿಂದೆ ಅವರ ಹರಿಗೋಲಿಗೆ ವಾರಸುದಾರನಾಗಿದ್ದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

ಮೂವರೂ ಅಟ್ಟ ಹತ್ತಿದರು. ಯಂಕೋಬ ಮೊಬೈಲಿನಲ್ಲಿ ಕೋರ್ಸ್ ತೆರೆದ. ಮೊದಲ ಪುಟದಲ್ಲಿ ಆಶ್ರಮದ ಚಿತ್ರ ಬಂತು. ಅದರ ಹಿಂದೆಯೇ ಪ್ರಮಾಣಪತ್ರವೂ ಬಂತು.

"ಮುಗೀತು, ಕೊಟ್ರೇಶಪ್ಪ!"

"ಎಷ್ಟು ಹೊತ್ತಾಯಿತು?" ಎಂದರು ಗುರುಗಳು.

"ಒಂದೂವರೆ ನಿಮಿಷ ಅಪ್ಪೋರೇ. ಅದರಾಗ ಒಂದು ನಿಮಿಷ ಪಾಸ್‌ವರ್ಡ್‌ಗೆ ಹೋತು."

"ಸುಳಿಯ ಪಾಠ ಹೇಗಿತ್ತು?"

"ಯಾವ ಸುಳಿ ಅಪ್ಪೋರೇ?"

ಗುರುಗಳು ಮೊಬೈಲ್ ಇಸಿದುಕೊಂಡು ಪ್ರಮಾಣಪತ್ರವನ್ನು ನೋಡಿದರು.

"ಅಂಚು ಚಲೋ ಕೂಡಿಸ್ಯಾರೆ," ಎಂದ ಯಂಕೋಬ. "ಮೂಲೆ ಎಲ್ಲೂ ಸುಕ್ಕಿಲ್ಲ."

ಗುರುಗಳು ಶಿಷ್ಯನ ಕಡೆ ತಿರುಗಿದರು.

"ತೆರೆದರೆ ಸಾಕು, ಪೂರ್ಣ ಎಂದು ಗುರುತಾಗುವ ಹಾಗೆ ಇಟ್ಟಿದ್ದೇನೆ," ಎಂದ ಕೊಟ್ರೇಶ. ಹೇಳುವಾಗ ಅವನಿಗೆ ತಪ್ಪೇನೂ ಕಂಡಿರಲಿಲ್ಲ. "ಪಾಪ, ಯಾರೂ ನಪಾಸಾಗುವುದು ಬೇಡ ಅಂತ. ಇಲಾಖೆಯವರು ಕೇಳುವುದೂ ಎಷ್ಟು ಜನ ಮುಗಿಸಿದರು ಅಂತ ಮಾತ್ರ. ನಮ್ಮದು ನೂರಕ್ಕೆ ನೂರು ಬರುತ್ತದೆ."

"ಒಳ್ಳೆಯದು," ಎಂದರು ಗುರುಗಳು. "ಯಂಕೋಬ, ನಡಿ. ನಮ್ಮನ್ನು ಆಚೆ ದಡಕ್ಕೆ ಬಿಡು."

ಮೇಲಿನ ಅಣೆಕಟ್ಟಿನಿಂದ ಬೆಳಿಗ್ಗೆ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ದಡ ತುಂಬ ಹರಿಯುತ್ತಿತ್ತು. ನಡುವಿನ ಬಂಡೆಯ ಹತ್ತಿರ ಒಂದು ಸುಳಿ ನಿಧಾನವಾಗಿ ತಿರುಗುತ್ತಿತ್ತು.

ಯಂಕೋಬ ಹುಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು ನಿಂತ.

"ಗುರುಗಳೇ, ಇವನಿಗೆ ಇನ್ನೂ ಹುಟ್ಟು ಹಿಡಿಯೋಕೇ ಬರುವುದಿಲ್ಲ!"

"ಪ್ರಮಾಣಪತ್ರ ಇದೆ."

"ಅದು ನಾನು ಕೊಟ್ಟದ್ದು!"

"ಅದಕ್ಕೇ, ಮೊದಲು ನೀನು ಹತ್ತು."

ಕೊಟ್ರೇಶ ಒಂದು ಕಾಲು ಹರಿಗೋಲಿನಲ್ಲಿ, ಒಂದು ಕಾಲು ದಡದಲ್ಲಿ ಇಟ್ಟುಕೊಂಡು ನಿಂತ. ಹರಿಗೋಲು ಸುಮ್ಮನಿರಲಿಲ್ಲ. ಅವನು ಎರಡೂ ಕಾಲನ್ನು ದಡಕ್ಕೆ ತಂದುಕೊಂಡ.

"ಸರಿಮಾಡಬಹುದು," ಎಂದ ಮೆತ್ತಗೆ. "ಏಳೂ ಪಾಠ ನೋಡಿ, ಹತ್ತು ಪ್ರಶ್ನೆಯಲ್ಲಿ ಎಂಟಕ್ಕೆ ಸರಿ ಉತ್ತರ ಕೊಟ್ಟರೆ ಮಾತ್ರ ಮುಗಿಯುವ ಹಾಗೆ ಮಾಡಬಹುದು. ಆದರೆ ಏರಿರುವುದನ್ನು ತೆಗೆದು ಮತ್ತೆ ಏರಿಸಬೇಕು. ಗಂಟೆ ಎರಡೂ ಮುಕ್ಕಾಲು. ಪೋರ್ಟಲ್ ಮತ್ತೆ ಬೇಡ ಅಂದರೆ ಸೋಮವಾರದಿಂದ ನಲವತ್ತೊಂದು ಮನೆಗೆ ದುಡಿಮೆ ಇಲ್ಲ."

"ಎಣಿಸುವಾಗ ಹರಿಗೋಲಿನಲ್ಲಿ ಕೂರುವವರನ್ನೂ ಸೇರಿಸಿಕೋ."

ಹಿಂದೆ ನಿಂತಿದ್ದ ಹುಲಿಗೆಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಆಕೆಗೆ ಸಿಟ್ಟು ಬಂತು.

"ಏರಿದ್ದನ್ನ ಯಾಕ ಇಳಿಸ್ತಿ ತಮ್ಮಾ? ಮೂರು ದಿನ ಸತ್ತು ಸುಣ್ಣ ಆಗಿ ಏರಿಸಿದಿ. ಸುಮ್ಮನ ಬಿಡು. ಹೊಳೆ ಕಲಿಸ್ತತಿ."

"ಹುಲಿಗೆಮ್ಮ," ಎಂದರು ಗುರುಗಳು, "ಬಸುರಿ ಮಗಳನ್ನು ಬುಧವಾರ ಆಚೆ ದಡದ ಆಸ್ಪತ್ರೆಗೆ ಕಳಿಸಬೇಕು ಅಂದಿದ್ದೆಯಲ್ಲ. ಆ ಹೊತ್ತಿಗೆ ನೀನಿಲ್ಲದಿದ್ದರೆ ಯಂಕೋಬನ ಹರಿಗೋಲಿನಲ್ಲಿ ಕಳಿಸ್ತೀಯಾ?"

ಹುಲಿಗೆಮ್ಮ ಯಂಕೋಬನನ್ನು ನೋಡಿದಳು. ಅವನ ಕೊರಳಿನ ಟೇಪನ್ನು ನೋಡಿದಳು. ತಲೆಕೆಳಗಾದ ಹುಟ್ಟನ್ನು ನೋಡಿದಳು.

"ಇಳಿಸು ತಮ್ಮಾ," ಎಂದಳು.

ಕೊಟ್ರೇಶ ಅಟ್ಟ ಹತ್ತಿದ. ಕೆಳಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಅವನು ಕೆಮ್ಮುತ್ತ ಪಾಠದ ಮುಕ್ತಾಯದ ನಿಯಮ ಬದಲಿಸಿದ. ಸೀನುತ್ತ ಪ್ರಶ್ನೆಗಳನ್ನು ಜೋಡಿಸಿದ. ಎಲ್ಲ ಮುಗಿಸಿ ಜಿಪ್ ಮಾಡುವಾಗ ಅಭ್ಯಾಸಬಲದಿಂದ ಫೋಲ್ಡರನ್ನೇ ಹಿಡಿದ. ನಿನ್ನೆಯ ಒದ್ದೆ ಗೋಣಿ ನೆನಪಾಗಿ ಬಿಟ್ಟ. ಅದನ್ನು ತೆರೆದು ಒಳಗಿನದನ್ನು ಹಿಡಿದ.

ಹಳೆಯ ಕೋರ್ಸನ್ನು ಅಳಿಸಲು ಹೋದಾಗ, 'ಖಚಿತವೇ?' ಎಂದು ಪೋರ್ಟಲ್ ಕೇಳಿತು. ಮೂರು ದಿನದಲ್ಲಿ ಅದು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಕೊಟ್ರೇಶ ಹೌದು ಎಂದು ಒತ್ತಿದ.

ಹೊಸ ಪಾಠ ಏರತೊಡಗಿದಾಗ ನಾಲ್ಕು ಇಪ್ಪತ್ತು. ನಾಲ್ಕೂವರೆಗೆ ಅದು ಶೇಕಡಾ ಅರವತ್ತೊಂದಕ್ಕೆ ಬಂದು ನಿಂತಿತು. ನಾಲ್ಕು ನಲವತ್ತಕ್ಕೂ ಅರವತ್ತೊಂದು. ಕೊಟ್ರೇಶ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಹೆಂಚಿನ ಕಿಂಡಿಯ ಹತ್ತಿರ ಹಿಡಿದು ನಿಂತ. ಆಶ್ರಮದ ಬೇರೆ ಯಾವ ಆಸನವೂ ಅವನಿಗೆ ಇಷ್ಟು ಏಕಾಗ್ರತೆ ತಂದಿರಲಿಲ್ಲ.

ನಾಲ್ಕು ಐವತ್ತೊಂದಕ್ಕೆ ಹಸಿರು ಗುರುತು ಬಂತು.

"ಏರಿತೇನೋ ತಮ್ಮಾ?" ಏಣಿಯ ಬುಡದಿಂದ ಹುಲಿಗೆಮ್ಮ ಕೇಳಿದಳು.

"ಏರಿತಕ್ಕ."

ಹುಲಿಗೆಮ್ಮ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವನು ಇಳಿಯಲು ಸ್ವಲ್ಪ ಹೊತ್ತು ಕಾಯಬೇಕಾಯಿತು.

ಯಂಕೋಬನನ್ನು ಮತ್ತೆ ಅಟ್ಟದ ಮೇಲೆ ಕೂರಿಸಿದರು. ಈ ಸಲ ಒಂದು ಗಂಟೆ ಹಿಡಿಯಿತು. ಅವನು ಏಳೂ ಪಾಠ ನೋಡಿದ. ಹತ್ತೂ ಪ್ರಶ್ನೆಗೆ ಬೆರಳು ಒತ್ತಿದ. ಆಮೇಲೆ ಮೊಬೈಲನ್ನು ಕೊಟ್ರೇಶನ ಕೈಗೆ ತುರುಕಿ, ಅವನ ಜೊತೆ ದಡದಡ ನಡೆದು ಹೊಳೆಯ ದಂಡೆಗೆ ಬಂದ.

ಗುರುಗಳು ಹರಿಗೋಲಿನ ಉಳಿದರ್ಧಕ್ಕೆ ಡಾಂಬರು ಬಳಿಯುತ್ತಿದ್ದರು.

"ಅಪ್ಪೋರೇ, ಇದು ನ್ಯಾಯ ಅಲ್ಲ," ಎಂದ ಯಂಕೋಬ. "ಹರಿಗೋಲು ಸುಳಿಗೆ ಸಿಕ್ಕರೆ ಮೊದಲು ಏನು ಮಾಡಬೇಕು ಅಂತ ಕೇಳ್ಯಾರೆ. ನಾನು ದೇವರನ್ನು ನೆನೀಬೇಕು ಅಂತ ಒತ್ತಿದೆ. ತಪ್ಪು ಅಂತ ಬಂತು. ದೇವರನ್ನು ನೆನೆಯೋದು ತಪ್ಪಾ?"

"ತಪ್ಪಲ್ಲ. ಅದು ಎರಡನೆಯದು."

"ಮೊದಲನೇದು?"

"ಹುಟ್ಟನ್ನು ನೆಟ್ಟಗೆ ಹಿಡಿಯುವುದು."

ಯಂಕೋಬ ಅಲ್ಲಿ ಒರಗಿಸಿದ್ದ ಹುಟ್ಟನ್ನು ನೋಡಿದ. ಕೊರಳಿನ ಟೇಪು ತೆಗೆದು ಜೇಬಿಗಿಟ್ಟ. ಹುಟ್ಟನ್ನು ಕೈಗೆತ್ತಿಕೊಂಡು, ಅತ್ತಿತ್ತ ತಿರುಗಿಸಿ, ಅಗಲವಾದ ತುದಿಯನ್ನು ಕೆಳಗೆ ಮಾಡಿದ.

"ಹಿಂಗಾ ಅಪ್ಪೋರೇ?"

ಕೊಟ್ರೇಶನಿಗೆ ಅಳುವೇ ಬಂದಿತ್ತು. ಅವನು ಮೊಬೈಲನ್ನು ಗುರುಗಳ ಮುಂದೆ ಹಿಡಿದ.

"ಹತ್ತಕ್ಕೆ ನಾಲ್ಕು. ಮೂರು ದಿನ, ಹದಿಮೂರು ಸಲ ಏರಿಸಿದ್ದೇನೆ ಗುರುಗಳೇ. ಕೋರ್ಸ್ ತೆಗೆದುಕೊಂಡ ಮೊದಲನೆಯವನೇ ನಪಾಸು!"

ಗುರುಗಳು ಕುಂಚವನ್ನು ಕೆಳಗಿಟ್ಟರು.

"ಹಾಗಾದರೆ ಪಾಠ ಅಪ್‌ಲೋಡ್ ಆಗಿದೆ."