ಹುಣಸೆಮರದ ಬುಡದ ಸಲಹಾ ಕಚೇರಿ

ಹಳೆಯ ಹುಣಸೆಮರದ ಬುಡದಲ್ಲಿ ಮರಕುಟಿಗವೂ ಹೆಗ್ಗಣವೂ ಸೇರಿ ಒಂದು ಸಲಹಾ ಕಚೇರಿ ನಡೆಸುತ್ತಿದ್ದವು. ಮರದ ವಿಷಯ ಮರಕುಟಿಗದ್ದು, ನೆಲದ ವಿಷಯ ಹೆಗ್ಗಣದ್ದು. ಇಬ್ಬರ ನಡುವೆ ಗೋಡೆಯಿಲ್ಲ ಎಂಬುದೇ ಆ ಕಚೇರಿಯ ಹೆಮ್ಮೆ. ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಗಿಳಿಯೊಂದು ಅಲ್ಲಿಗೆ ಬಂದು, ಇದೇ ಮರದ ಪೊಟರೆ ಆದೀತೇ ಎಂದು ಕೇಳಿತು.

“ಧಾರಾಳವಾಗಿ,” ಎಂದಿತು ಮರಕುಟಿಗ. “ಗಟ್ಟಿ ಪೊಟರೆ. ಮೂರು ದಿನದಿಂದ ಅದರ ಬಾಯಿ ಯಾರೋ ಉಜ್ಜಿದ ಹಾಗೆ ನುಣುಪಾಗಿದೆ. ಯಾಕೆಂದು ಕೇಳಬೇಡಿ, ನನ್ನ ವಿಷಯ ಮರ ಮಾತ್ರ.”

“ನೆಲವೂ ಕ್ಷೇಮ,” ಎಂದಿತು ಹೆಗ್ಗಣ. “ಇಲ್ಲಿದ್ದ ನಾಗರಹಾವು ಮೂರು ದಿನದ ಹಿಂದೆ ಬಿಲ ಬಿಟ್ಟು ಮರ ಹತ್ತಿತು. ಅದರಾಚೆಗಿನದು ನನ್ನ ವ್ಯಾಪ್ತಿಗೆ ಬರುವುದಿಲ್ಲ.”

ಗಿಳಿ ಇಬ್ಬರ ಮುಖವನ್ನೂ ನೋಡಿತು. “ಇದನ್ನು ನೀವು ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲವೇ? ದಿನವಿಡೀ ಅಕ್ಕಪಕ್ಕ ಕೂತು ಮತ್ತೇನು ಮಾತಾಡುತ್ತೀರಿ?”

“ಕೂಡಿ ಕೆಲಸ ಮಾಡುವುದು ಹೇಗೆಂದು ದಿನಾ ಬೆಳಗ್ಗೆ ಸಭೆ ಸೇರುತ್ತೇವೆ,” ಎಂದಿತು ಮರಕುಟಿಗ.

“ಇವರು ಕೇಳಲಿಲ್ಲ, ನಾನು ಹೇಳಲಿಲ್ಲ,” ಎಂದಿತು ಹೆಗ್ಗಣ.

“ನಿಮ್ಮ ಸಹವಾಸವೇ ಸಾಕು,” ಎಂದು ಗಿಳಿ ಹಾರಿಹೋಯಿತು.

ತಪ್ಪು ಯಾರದೆಂದು ಇಬ್ಬರೂ ಜಗಳಕ್ಕೆ ನಿಂತಿದ್ದಾಗ ಪೊಟರೆಯಿಂದ ಹಾವು ನಿಧಾನವಾಗಿ ಇಳಿದು ಬಂತು.

“ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡವನು ನಾನೊಬ್ಬನೇ,” ಎಂದಿತು. “ಗಡಿಬಿಡಿ ಬೇಡ, ಒಬ್ಬರಾದ ಮೇಲೆ ಒಬ್ಬರು ಬನ್ನಿ. ಒಟ್ಟಿಗೆ ಬಂದು ನಿಮಗೆ ಅಭ್ಯಾಸವಿಲ್ಲವಲ್ಲ.”