ಕಿತ್ತು ನೋಡಿದ ಕಡ್ಡಿ

ಪೂಜ್ಯ ಗುರುಶಾಂತಮ್ಮನವರು ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿನಲ್ಲಿ ವಾಸವಾಗಿದ್ದರು. ಎರಡು ಕೋಣೆಯ ಮಣ್ಣಿನ ಮನೆ, ಹಿಂದೊಂದು ಹಿತ್ತಲು. ಅದೇ ಅವರ ಮಠ. ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ದರ್ಶನ ಬಯಸಿದವರು ಹಿತ್ತಲಿಗೇ ಹೋಗಬೇಕಿತ್ತು.

ಒಂದು ಫಾಲ್ಗುಣದಲ್ಲಿ, ಚಳಿ ಬಿಟ್ಟು ಬೇವು ಹಳೆಯ ಎಲೆ ಉದುರಿಸುತ್ತಿದ್ದ ಹೊತ್ತಿನಲ್ಲಿ, ಪಕ್ಕದೂರಿನ ಬಟ್ಟೆ ವ್ಯಾಪಾರಿ ಕಲ್ಲಿನಾಥಪ್ಪ ಬಂದ. ಅವನ ಮಗಳು ಸಂಗವ್ವ ಹಸುಗೂಸು ಚನ್ನುವನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅಂದಿನಿಂದ ಅವಳು ಅತ್ತಿರಲಿಲ್ಲ, ಮಾತೂ ಆಡಿರಲಿಲ್ಲ.

"ದಿನಾ ಮುಂಜಾನೆ ಕೇಳತೀನ್ರಿ ಅವ್ವಾರ, 'ಇವತ್ತರ ಹಗುರಾತೇನವಾ' ಅಂತ. ಬಾಯೇ ಬಿಡೂದಿಲ್ಲ. ನಿಮ್ಮ ಹಂತ್ಯಾಕ ಶಕ್ತಿ ಇದ್ರ ತೋರಸ್ರಿ. ಇಲ್ಲಂದ್ರ ಇಲ್ಲ ಅಂತ ಹೇಳ್ರಿ."

ಅಮ್ಮನವರು ಬೇಸರಪಡಲಿಲ್ಲ. ತೆಂಗಿನ ಗರಿಯ ನೆರಳಿನಲ್ಲಿ ನೆಟ್ಟಿದ್ದ ಮಲ್ಲಿಗೆ ಕಡ್ಡಿಗಳಿಗೆ ನೀರು ಚಿಮುಕಿಸುತ್ತ, ಕೂಡಲು ಹೇಳಿದರು. ಕಲ್ಲಿನಾಥಪ್ಪನಿಗೆ ಕೂಡುವ ತಾಳ್ಮೆಯಿರಲಿಲ್ಲ.

"ಇವು ಒಣಗ್ಯಾವಲ್ರಿ," ಎಂದವನೇ ಒಂದು ಕಡ್ಡಿ ಕಿತ್ತ.

ತುದಿಯಲ್ಲಿ ದಾರದಂಥ ಬಿಳಿ ಬೇರುಗಳು. ಅರ್ಧಕ್ಕರ್ಧ ಹರಿದು ಮಣ್ಣಿನಲ್ಲೇ ಉಳಿದಿದ್ದವು.

ಅಮ್ಮನವರು ಕಡ್ಡಿಯನ್ನು ಅವನ ಕೈಯಿಂದ ತೆಗೆದುಕೊಂಡರು. "ಬೇರು ಹತ್ತಿತ್ತಪ್ಪಾ," ಎಂದರು. "ದಿನಾ ಕಿತ್ತು ನೋಡಿದ್ರ ಯಾವುದು ಬೇರು ಬಿಟ್ಟೀತು? ಮಗಳಿಗೆ ನೆರಳಾಗಿ ಬಾಜೂಕ ಕೂಡು. ಕೇಳಬ್ಯಾಡ," ಎಂದು ಹೇಳಿ ಕಳೆ ತೆಗೆಯಲು ಹೊರಟರು.

ಇಷ್ಟಕ್ಕೇ ಬಂದೆನೇ ಎಂದು ದಾರಿಯಲ್ಲಿ ಅವನಿಗೆ ಸಿಟ್ಟೇ ಬಂತು. ಆದರೆ ಮರುದಿನ ಮುಂಜಾನೆ ಮಗಳ ಮುಂದೆ ನಿಂತಾಗ, ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡ. ಅದು ಸುಲಭವಿರಲಿಲ್ಲ. "ಮಗಳ ಕಡೆ ಲಕ್ಷ್ಯನ ಇಲ್ಲೇನು ನಿಮಗ?" ಎಂದು ಹೆಂಡತಿ ಗದರಿದಳು. ಅವನು ಅಂಗಡಿಯ ಬಟ್ಟೆಯನ್ನೆಲ್ಲ ಪಡಸಾಲೆಗೆ ತಂದು, ಮಗಳ ಪಕ್ಕದಲ್ಲಿ ಕುಳಿತು ಮಡಿಚತೊಡಗಿದ. ದಿನಗಳು ಹೀಗೇ ಕಳೆದವು. ಸಂಗವ್ವ ಒಂದೊಂದೇ ಬಟ್ಟೆ ಎತ್ತಿ ಕೊಡುವಂತಾದಳು.

ಯುಗಾದಿಗೆ ಮುಂಚೆ ಒಂದು ದಿನ, ಹಳದಿ ತುಂಡೊಂದು ಅವಳ ಕೈಯಲ್ಲೇ ಉಳಿಯಿತು.

"ಅಪ್ಪಾ, ಚನ್ನೂಗ ಈ ಬಣ್ಣ ಭಾಳ ಒಪ್ಪತಿತ್ತು," ಎಂದಳು. ಎಂದವಳೇ ದನಿ ತೆಗೆದು ಅಳತೊಡಗಿದಳು.

ಹಿಂದಿನ ಕಲ್ಲಿನಾಥಪ್ಪನಾಗಿದ್ದರೆ, ಅಳಬೇಡ ಎಂದು ಗದರುತ್ತಿದ್ದ. ಅಂದು ಅವಳ ಬೆನ್ನ ಮೇಲೆ ಕೈಯಿಟ್ಟು, "ಹೌದವಾ, ಭಾಳ ಒಪ್ಪತಿತ್ತು," ಎಂದು ತಾನೂ ಅತ್ತ.